ಬೆನ್ನಿಗೆ ಹತ್ತಿದ ಸುಣ್ಣ

ನಮ್ಮೂರಿನಲ್ಲಿ ದಾವೆ ಇರುವ ಮನೆಗೆ ಹೋದವರು ಹವೆಯ ಮಾತನ್ನಷ್ಟೇ ಆಡುತ್ತಾರೆ. ಸೆಕೆ ಹೆಚ್ಚಾಯಿತು, ಗಾಳಿ ಬಿದ್ದುಹೋಯಿತು, ಈ ಸಲ ಬದನೆಕಾಯಿಯಲ್ಲಿ ಹುಳವಿಲ್ಲ, ಇಂಥವು. ಬದನೆಕಾಯಿಯ ಮಾತನ್ನೂ ಹುಷಾರಾಗಿಯೇ ಆಡಬೇಕು. ಅದನ್ನು ಬೆಳೆದ ಹಿತ್ತಲು ಯಾರ ಪಾಲಿಗೆ ಹೋಯಿತು ಎಂಬ ಕಡೆಗೆ ಮಾತು ಹೊರಳಿತೋ, ಅಂಗಳದಲ್ಲಿ ಕಟ್ಟಿದ ದಾವೆ ಕಿವಿ ನೆಟ್ಟಗೆ ಮಾಡುತ್ತದೆ. ಹುಲ್ಲು ಹಾಕಿದರೆ ಅದು ಮೂಸಿಯೂ ನೋಡದು. ಅದರ ಮೇವು ಮಾತು. ಅದರಲ್ಲೂ, ತನಗೆ ಅಥವಾ ತನ್ನವರಿಗೆ ಅನ್ಯಾಯವಾಯಿತು ಎನ್ನುವ ಮಾತು. ಸಣ್ಣ ಮಾತಿಗೆ ಒಂದು ಬೆರಳು ಬೆಳೆಯುತ್ತದೆ, ದೊಡ್ಡ ಮಾತಿಗೆ ಒಂದು ಗೇಣು. ವಾದಿ ಆಡಿದನೋ ಪ್ರತಿವಾದಿ ಆಡಿದನೋ ದಾರಿಹೋಕ ಆಡಿದನೋ ಎಂಬ ಭೇದ ಅದಕ್ಕಿಲ್ಲ.

ನಾನು ಚಿಕ್ಕ ಕೋರ್ಟಿನ ಶಿರಸ್ತೇದಾರ. ದಾವೆ ಹಾಕಿದ ದಿನ ಅದರ ಹಗ್ಗವನ್ನು ವಾದಿಯ ಕೈಗೆ ಕೊಡುವವನು ನಾನೇ. ಆಗ ಅದು ಮೇಕೆಮರಿಯಷ್ಟಿರುತ್ತದೆ. ಬೂದು ಬಣ್ಣ, ಬಾಲವಿಲ್ಲ, ಕಿವಿ ಮಾತ್ರ ಮೊರದಗಲ. ವಿಚಾರಣೆಯ ದಿನ ವಾದಿಯೇ ಅದನ್ನು ನಡೆಸಿಕೊಂಡು ನಮ್ಮ ಬಾಗಿಲಿನಿಂದ ಒಳಗೆ ತರಬೇಕು. ನಮ್ಮ ಬಾಗಿಲು ಗಿಡ್ಡ. ಅವತ್ತು ಬೆಳಿಗ್ಗೆ ಚೌಕಟ್ಟಿಗೆ ಹಸಿ ಸುಣ್ಣ ಬಳಿಸಿರುತ್ತೇವೆ. ದಾವೆ ಒಳಗೆ ಬಂದ ಮೇಲೆ ಅದರ ಬೆನ್ನನ್ನೂ ಪಕ್ಕೆಯನ್ನೂ ನೋಡುವುದು ನನ್ನ ಕೆಲಸ. ಸುಣ್ಣ ಹತ್ತಿಲ್ಲವೆಂದರೆ ಅಂದೇ ವಿಚಾರಣೆ, ಅಂದೇ ತೀರ್ಪು. ಹತ್ತಿದ್ದರೆ ಆ ದಾವೆ ನಮ್ಮ ಅಳತೆಯದಲ್ಲ. ಸೇತುವೆ ದಾಟಿಸಿ ಆಚೆ ದಂಡೆಯ ದೊಡ್ಡ ಕೋರ್ಟಿಗೆ ಒಯ್ಯಬೇಕು.

ದೊಡ್ಡ ಕೋರ್ಟಿಗೆ ಬಾಗಿಲೇ ಇಲ್ಲ, ಅದೊಂದು ಬಯಲು. ಅಲ್ಲಿ ಎಂಥ ದಾವೆಯೂ ಹಿಡಿಸುತ್ತದೆ. ಏನನ್ನು ಬೇಕಾದರೂ ಕೇಳಬಹುದು, ಕೇಳಿದ್ದನ್ನೆಲ್ಲ ಕೊಡುವ ಅಧಿಕಾರ ಅಲ್ಲಿಯ ನ್ಯಾಯಾಧೀಶರಿಗೆ ಉಂಟು. ಕೊಟ್ಟದ್ದನ್ನು ನೋಡಿದವರು ಮಾತ್ರ ಕಡಿಮೆ. ನಮ್ಮ ಜಗಲಿಯಲ್ಲಿ ನಿಂತರೆ ಆಚೆ ದಂಡೆಯ ದಾವೆಗಳ ಬೆನ್ನು ಗುಡ್ಡದ ಸಾಲಿನ ಹಾಗೆ ಕಾಣುತ್ತದೆ. ಅಜ್ಜ ಹಾಕಿದ ದಾವೆಯ ನೆರಳಿನಲ್ಲಿ ಮೊಮ್ಮಕ್ಕಳು ಬುತ್ತಿ ಬಿಚ್ಚುತ್ತಾರೆ. ವಾದಿಯ ಮೊಮ್ಮಗಳನ್ನು ಪ್ರತಿವಾದಿಯ ಮೊಮ್ಮಗ ಅಲ್ಲೇ ನೋಡಿ ಒಪ್ಪಿ ಮದುವೆಗಳೂ ಆಗಿವೆ. ದಾವೆ ಹಾಗೆಯೇ ನಡೆದಿರುತ್ತದೆ, ಬೀಗರ ನಡುವೆ.

ಬಸಲಿಂಗವ್ವ ನನ್ನ ಎದುರುಮನೆಯವಳು. ನೂಲಿಗೆ ನೀಲಿ ಬಣ್ಣ ಹಾಕುವ ಮನೆತನ. ನೀಲಿಯ ಗುಡಾಣವೆಂದರೆ ಹಾಲು ಕರೆಯುವ ಎಮ್ಮೆ ಇದ್ದ ಹಾಗೆ; ದಿನವೂ ನೂಲು ಇಳಿಸಿ ತೆಗೆಯುತ್ತಿರಬೇಕು, ಬಿಟ್ಟರೆ ಕೆಡುತ್ತದೆ. ಕೆಟ್ಟದ್ದು ಮತ್ತೆ ಹದಕ್ಕೆ ಬರುವಷ್ಟರಲ್ಲಿ ಮಳೆಗಾಲ ಕೂತಿರುತ್ತದೆ, ನೇಕಾರರು ಬೇರೆ ಬಣ್ಣಗಾರರ ಮನೆ ಹುಡುಕಿಕೊಂಡಿರುತ್ತಾರೆ. ಗುಡಾಣದಿಂದ ಎದ್ದಾಗ ನೂಲು ಹಸಿರಾಗಿರುತ್ತದೆ. ಗಾಳಿ ಕುಡಿದ ಮೇಲೆಯೇ ನೀಲಿ. ನಮ್ಮ ಓಣಿಯಲ್ಲಿ ಎದುರು ಬದುರು ಮನೆಯವರು ಜಗಲಿಯಿಂದಲೇ ಎಲೆ ಅಡಿಕೆ ಕೊಟ್ಟು ತೆಗೆದುಕೊಳ್ಳಬಹುದು. ಗಾಳಿಯೂ ಬಿಸಿಲೂ ಮಾಳಿಗೆಯ ಮೇಲೆ ಮಾತ್ರ.

ಆ ಮಾಳಿಗೆಗೆ ಮೆಟ್ಟಿಲು ಒಂದೇ. ಅಣ್ಣ ತಮ್ಮ ಮನೆ ಪಾಲು ಮಾಡಿಕೊಂಡಾಗ ಅದು ತಮ್ಮ ಚನ್ನಮಲ್ಲನ ಕಡೆಯ ಗೋಡೆಗೆ ಸೇರಿತು. ಅಣ್ಣ, ಎಂದರೆ ಬಸಲಿಂಗವ್ವನ ಗಂಡ ಗುರುಪಾದ, ಇರುವ ತನಕ ಎರಡೂ ಮನೆಯವರು ಹತ್ತಿ ಇಳಿದರು. ಗುರುಪಾದ ತೀರಿಕೊಂಡ ಮರುವರ್ಷ, ಬೇಸಿಗೆ ಮುಗಿಯಲು ಇನ್ನೇನು ಬಂತು ಎನ್ನುವಾಗ, ಚನ್ನಮಲ್ಲ ಒಂದು ಬೆಳಿಗ್ಗೆ ಬಡಿಗನನ್ನು ಕರೆಸಿ ಮೆಟ್ಟಿಲಿನ ಬಾಯಿಗೆ ಹಲಗೆ ಹೊಡೆಸಿದ. ಜಗಳವಿಲ್ಲ, ಮಾತಿಲ್ಲ. ಯಾಕೆಂದು ಕೇಳಿದವರಿಗೆ, “ಕೋರ್ಟ್ ಐತೆಲ್ಲ, ಕೇಳ್ಲಿ,” ಎಂದ.

ಬಸಲಿಂಗವ್ವ ಕೋರ್ಟಿಗೆ ಬಂದಳು. ಮೊಳಕೈ ತನಕ ನೀಲಿಯಾದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಮೇಜಿನ ಮುಂದೆ ನಿಂತಳು.

“ಏನ್ ಕೇಳ್ತೀ?” ಎಂದೆ.

“ಮೆಟ್ಟಿಲಾ ಬಿಡಸಬೇಕ್ರಿ.”

“ಮತ್ತ?”

“ಮತ್ತೇನಿಲ್ರಿ.”

“ನೋಡು, ಆಮ್ಯಾಲ ನೆನಪಾತು ಅನಬ್ಯಾಡ. ಬ್ಯಾರೆ ಏನರ ಇದ್ರ—”

“ಇಲ್ಲಂದ್ನೆಲ್ರಿ, ಶಿರಸ್ತೇದಾರ್ರ. ಮೆಟ್ಟಿಲಾ. ಅಷ್ಟ.”

ಬೇರೆ ಏನೋ ಇದೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ನಿಮ್ಮ ಅಂಗಳದಲ್ಲಿ ದಾವೆ ಕಟ್ಟಿಲ್ಲವೆಂದುಕೊಂಡು ಹೇಳುತ್ತೇನೆ. ಗುರುಪಾದನಿಗೆ ಎದೆ ಹಿಡಿದ ದಿನ ಸಂತೆ. ಚನ್ನಮಲ್ಲನ ಗಾಡಿ ನೂಲು ಹೇರಿಕೊಂಡು, ಎತ್ತು ಹೂಡಿ, ಬಾಗಿಲಲ್ಲೇ ನಿಂತಿತ್ತು. ವೈದ್ಯರು ಆಚೆ ದಂಡೆಯಲ್ಲಿ. ಬಸಲಿಂಗವ್ವ ಓಡಿ ಬಂದು ಗಾಡಿ ಮುಂದಕ್ಕೆ ಹೋಗದಂತೆ ಅದರ ಮೂಕಿ ಹಿಡಿದಳು. ಚನ್ನಮಲ್ಲ ಒಳಗೆ ಹೋಗಿ ಅಣ್ಣನ ಮುಖ ನೋಡಿ ಬಂದು, “ಸಂತಿ ಮುಗಿಸಿ ಬರ್ತೀನಿ, ಅಲ್ಲೀತನಕ ಮಲಗಿರ್ಲಿ, ಬಂದ ಮ್ಯಾಲ ನೋಡೂಣು,” ಎಂದು ಹೊರಟುಹೋದ. ಬಂದ ಮೇಲೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ಮಾತನ್ನು ಬಸಲಿಂಗವ್ವ ಅವತ್ತಿನಿಂದ ಎಲ್ಲೂ ಆಡಿಲ್ಲ. ಮಣ್ಣು ಮಾಡುವಾಗ ಆಡಲಿಲ್ಲ, ತಿಥಿಯ ದಿನ ಆಡಲಿಲ್ಲ. ನುಂಗಿಕೊಂಡು ಕೂತಿದ್ದಳು.

ಹಾಗಾಗಿ ಅವಳ ಲೆಕ್ಕ ನೇರವಾಗಿತ್ತು. ಮೆಟ್ಟಿಲಿನ ದಾವೆ ಚಿಕ್ಕದು, ನಮ್ಮ ಬಾಗಿಲಲ್ಲಿ ಸಲೀಸಾಗಿ ನುಗ್ಗುತ್ತದೆ. ಗಾಡಿಯ ಮಾತು ಅದರ ಕಿವಿಗೆ ಬಿದ್ದರೆ ಸೇತುವೆಯ ದಾರಿಯೇ ಗತಿ. ಸೇತುವೆ ದಾಟಿದರೆ ಈ ಬೇಸಿಗೆಯಲ್ಲ, ಅವಳ ಬದುಕಿನ ಬೇಸಿಗೆಗಳೆಲ್ಲ ಮುಗಿದರೂ ಹಲಗೆ ಅಲ್ಲೇ ಇರುತ್ತದೆ. ಹೋಗುವಾಗ ಸೊಂಟದಿಂದ ಒಂದು ನೂಲಿನ ಎಳೆ ತೆಗೆದು ನಮ್ಮ ಬಾಗಿಲಿನ ಎತ್ತರ ಅಳೆದುಕೊಂಡಳು. ಆಮೇಲೆ ದಾವೆಯ ಹಗ್ಗ ಹಿಡಿದು ಮನೆಗೆ ನಡೆದಳು.

ಪ್ರತಿವಾದಿಗೆ ದಿನಕ್ಕೊಮ್ಮೆ ದಾವೆಯನ್ನು ಕಣ್ಣಾರೆ ನೋಡುವ ಹಕ್ಕುಂಟು. ಚನ್ನಮಲ್ಲ ಅದನ್ನು ಒಂದು ದಿನವೂ ಬಿಡಲಿಲ್ಲ. ಬೆಳಿಗ್ಗೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತು, ದಾವೆಯ ಕಿವಿಯ ಕಡೆ ಮುಖ ಮಾಡಿ ಶುರುಮಾಡುತ್ತಿದ್ದ.

“ನಮ್ಮ ಕಡಾಯಿ ಒಯ್ದೀರಿ, ವೈನಿ. ತಿರಿಗಿ ಬಂದಿಲ್ಲದು.”

ದಾವೆ ಒಂದು ಬೆರಳು ಎದ್ದಿತು. ಬಸಲಿಂಗವ್ವ ಬಡಿಗೆ ತೆಗೆದುಕೊಂಡು ಒದ್ದೆ ನೂಲನ್ನು ಕಲ್ಲಿನ ಮೇಲೆ ಧಬ್ ಧಬ್ ಎಂದು ಬಡಿಯತೊಡಗಿದಳು. ದಾವೆಯ ಕಿವಿ ಕಟ್ಟಬಾರದು ಎಂದು ನಿಯಮವಿದೆ. ನೂಲು ಬಡಿಯಬಾರದು ಎಂದು ಇಲ್ಲ.

“ನಿಮ್ಮ ಕೋಳಿ ನಮ್ಮ ಅಂಗಳದಾಗ ಹಸನ ಮಾಡಾಕ ಇಟ್ಟ ಜ್ವಾಳ ತಿಂದಾವ!” ಚನ್ನಮಲ್ಲ ದನಿ ಏರಿಸಿದ.

ಧಬ್, ಧಬ್. “ಏನ್ ಹವಾ ಐತಿ ಇವತ್ತ,” ಬಸಲಿಂಗವ್ವ ಆಕಾಶಕ್ಕೆ ಹೇಳಿದಳು.

ಹೀಗೆ ನಡೆದಿರುವಾಗ ಒಂದು ದಿನ ಅವನು ದನಿ ಇಳಿಸಿದ. ಬಡಿಗೆ ಎರಡು ಏಟಿನ ನಡುವೆ ಮೇಲೆದ್ದ ಹೊತ್ತು ನೋಡಿ, “ಅಣ್ಣಾ ತೀರಿದ ದಿನದ್ದೇನರ ನಿಮ್ಮ ಮನಸಿನ್ಯಾಗ ಇದ್ರ ಅಂದುಬಿಡ್ರಿ, ವೈನಿ. ಒಳಗಿಟ್ಕೊಂಡು ಯಾಕ ಕುದೀತೀರಿ?” ಎಂದ.

ಬಡಿಗೆ ಮೇಲೆಯೇ ನಿಂತಿತು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಪ್ಪಳವೂ ನಿಂತಿತು. ನಾನು ಜಗಲಿಯಲ್ಲಿ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಕತ್ತಿ ಗಲ್ಲದ ಮೇಲೆ ಎಲ್ಲಿತ್ತೋ ಅಲ್ಲೇ ಹಿಡಿದೆ. ಬಸಲಿಂಗವ್ವನ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ದಾವೆ ಎರಡೂ ಕಿವಿಯನ್ನು ಅವಳತ್ತ ತಿರುಗಿಸಿ, ಹಾಲಿಗೆ ಕಾದ ಬೆಕ್ಕಿನ ಹಾಗೆ ನಿಂತಿತು.

“ಬದನಿಕಾಯಿ,” ಬಸಲಿಂಗವ್ವ ಹಲ್ಲು ಕಚ್ಚಿಕೊಂಡೇ ಅಂದಳು, “ಈ ಸಲ ಭಾಳ ಚಲೋ ಬಂದಾವ.” ಬಡಿಗೆ ಕೆಳಗೆ ಬಿತ್ತು.

ಚನ್ನಮಲ್ಲನ ವಕೀಲರು ಶೇಷಗಿರಿಯವರು. ಎರಡೂ ದಂಡೆಯಲ್ಲಿ ವಕಾಲತ್ತು ನಡೆಸುವವರು, ಮನಸ್ಸು ಆಚೆ ದಂಡೆಯಲ್ಲಿ. ಅವರು ನನ್ನ ಜಗಲಿಗೆ ಬಂದು ಕೂತು ತಲೆದೂಗಿದರು. “ನೋಡ್ರಿ, ನಾ ಹೇಳಿಕೊಟ್ಟದ್ದು ಕಡಾಯಿ, ಕೋಳಿ, ಅಷ್ಟ. ಈ ಅಣ್ಣನ ಮಾತು ಅವನದೇ ಬುದ್ಧಿ. ಬಣ್ಣಗಾರರ ಮನ್ಯಾಗ ಹುಟ್ಟಿ ಕೆಟ್ಟ, ವಕೀಲ ಆಗಬೇಕಾಗಿತ್ತು ಅಂವ.”

ನನಗೂ ಹಾಗೇ ಅನ್ನಿಸಿತ್ತು. ಆದರೆ ಮರುದಿನ ಒಂದು ಸಂಗತಿ ನೋಡಿದೆ. ಬಸಲಿಂಗವ್ವ ನೀರಿಗೆ ಹೋಗಿದ್ದಳು. ಚನ್ನಮಲ್ಲ ಅತ್ತ ಇತ್ತ ನೋಡಿ ದಾವೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅದರ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ಹಚ್ಚಿ ಬಹಳ ಹೊತ್ತು ಏನೋ ಹೇಳಿದ. ದಾವೆ ಆಕಳಿಸಿತು. ದಾವೆ ಆಕಳಿಸುವುದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಯಾರಾದರೂ ತನ್ನದೇ ತಪ್ಪನ್ನು ಹೇಳಿಕೊಂಡರೆ ಅದಕ್ಕೆ ರುಚಿಸುವುದಿಲ್ಲ. ಎದುರಿನವನ ತಪ್ಪು ಬೇಕು. ಚನ್ನಮಲ್ಲನ ವಿಷಯದಲ್ಲಿ ನನಗೆ ಆ ಅನುಮಾನ ಬರಲಿಲ್ಲ. ಬೆಳಗಿನ ಸೆಕೆಗೆ ಅದಕ್ಕೆ ತೂಕಡಿಕೆ ಬಂದಿರಬೇಕು ಎಂದುಕೊಂಡು ಒಳಗೆ ಹೋದೆ.

ಬಸಲಿಂಗವ್ವ ದಿನಾ ಸಂಜೆ ನೂಲಿನ ಎಳೆಯನ್ನು ದಾವೆಯ ಪಕ್ಕಕ್ಕೆ ಹಿಡಿದು ನೋಡುತ್ತಿದ್ದಳು. ಕಡಾಯಿ, ಕೋಳಿ, ಚರಂಡಿ ಎಲ್ಲ ಸೇರಿ ಅದು ಬೆಳೆದಿತ್ತು, ಆದರೂ ಎಳೆಗಿಂತ ನಾಲ್ಕು ಬೆರಳು ಕೆಳಗಿತ್ತು. ಇತ್ತ ಗುಡಾಣ ಕಾಯುವುದಿಲ್ಲವಲ್ಲ. ದಿನಾ ನೂಲು ಇಳಿಸಿ ತೆಗೆದು ನಡುಮನೆಯಲ್ಲಿ, ಪಡಸಾಲೆಯಲ್ಲಿ, ಮಂಚದ ಮೇಲೆ ಹರವುತ್ತಿದ್ದಳು. ಗಾಳಿಯಾಡದೆ ಅದು ಹಸಿರೂ ಅಲ್ಲದೆ ನೀಲಿಯೂ ಅಲ್ಲದೆ ಕೊಳೆತ ಪಾಚಿಯ ಬಣ್ಣಕ್ಕೆ ತಿರುಗಿ ಮುಗ್ಗಲು ವಾಸನೆ ಬಂತು. ನೇಕಾರರು ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡು, “ಯವ್ವಾ, ನಮ್ಮ ನೂಲ ಎಂದ?” ಎಂದು ಕೇಳಿಹೋಗುತ್ತಿದ್ದರು. ಪಡುವಣ ಕಡೆ ಮೋಡ ಕಾಣಿಸಿಕೊಳ್ಳತೊಡಗಿತ್ತು.

ವಿಚಾರಣೆಗೆ ಒಂದು ದಿನ ಉಳಿದಿದ್ದಾಗ ದಾನವ್ವ ಬಂದಳು, ಬಸಲಿಂಗವ್ವನ ಒಡಹುಟ್ಟಿದ ಅಕ್ಕ. ತಲೆಯ ಮೇಲೆ ಬುತ್ತಿಗಂಟು. ನಾನು ಜಗಲಿಯಿಂದಲೇ ಕೈಮಾಡಿ ಅಂಗಳದಲ್ಲಿದ್ದ ದಾವೆಯನ್ನು ತೋರಿಸಿದೆ.

“ಅಯ್ಯ, ನನಗೇನ್ ಹೇಳ್ತೀರಿ ಬಿಡ್ರಿ,” ಎಂದಳು ದಾನವ್ವ. “ನಾನೂ ಎರಡ ದಾವೆ ಸಾಕಿದಾಕಿ ಇದ್ದೇನಿ.”

ಅಕ್ಕ ತಂಗಿ ಪಡಸಾಲೆಯಲ್ಲಿ ಕೂತು ಉಂಡರು. ದಾನವ್ವ ಸೆಕೆಯ ಮಾತಾಡಿದಳು, ತನ್ನ ಸೊಸೆಗೆ ಸೀಮಂತವಾದ ಮಾತಾಡಿದಳು. ಎಲ್ಲ ನಿಯಮದ ಪ್ರಕಾರವೇ ನಡೆದಿತ್ತು. ಕೈ ತೊಳೆಯಲು ಎದ್ದವಳು ಮಂಚದ ಮೇಲಿನ ನೂಲು ನೋಡಿದಳು. ಮೂಸಿದಳು. ತಂಗಿಯ ಕೈ ಹಿಡಿದು ಮೊಳಕೈ ತನಕ ಸವರಿದಳು, ಮೂಳೆ ಸಿಕ್ಕಿರಬೇಕು. ಆಮೇಲೆ ಅವಳ ಬಾಯಿ ಅವಳ ಕೈಯಲ್ಲಿ ಉಳಿಯಲಿಲ್ಲ.

“ಆವತ್ತ ಆ ಗಾಡಿ ಒಂದ ಬಿಟ್ಟುಕೊಟ್ಟಿದ್ರ ಇವತ್ತ ನಿನ್ನ ಗಂಡ ಈ ಹಲಗಿ ಮುರದ ಒಗೀತಿದ್ದ! ಹೂಡಿದ ಗಾಡಿ, ಬಾಗ್ಲಾಗ ನಿಂತ ಗಾಡಿ! ಒಡಹುಟ್ಟಿದಾಂವ ಒಳಗ ಸಾಯಾಕತ್ತಾನ, ಈ ಭಾಡ್ಯಾಗ ಸಂತಿ ದೊಡ್ಡದಾತು—”

ಬಸಲಿಂಗವ್ವ ಹಾರಿ ಬಂದು ಅಕ್ಕನ ಬಾಯಿಗೆ ಕೈ ಒತ್ತಿದಳು. ಆದರೆ ಅಂಗಳದಲ್ಲಿ ಆಗಲೇ ಹೊಸ ಬಾಗಿಲು ಕಿರುಗುಟ್ಟಿದಂಥ ಸದ್ದು. ದಾವೆಯ ಎಲುಬುಗಳು ಎದ್ದವು. ಕೊರಳಿನ ಹಗ್ಗ ಬಿಗಿದು ಗೂಟ ಅಲುಗಾಡಿತು. ಅದು ನಿಧಾನವಾಗಿ, ತೃಪ್ತಿಯಿಂದ, ಎತ್ತರವಾಯಿತು.

ಬಸಲಿಂಗವ್ವ ನೂಲಿನ ಎಳೆ ತಂದು ಹಿಡಿದಳು. ಎಳೆ ಸಾಲಲಿಲ್ಲ. ದಾನವ್ವ ನೆಲಕ್ಕೆ ಕುಸಿದು ಸೆರಗನ್ನು ಬಾಯಲ್ಲಿ ತುರುಕಿಕೊಂಡು ಅತ್ತಳು, ಸದ್ದಿಲ್ಲದೆ. ಇನ್ನೊಂದು ಮಾತು ಹೊರಬಿದ್ದರೆ ಇನ್ನೊಂದು ಗೇಣು ಬೆಳೆಯುತ್ತದೆಂಬ ವಿವೇಕ ಈಗ ಬಂದಿತ್ತು.

ಮರುದಿನ ನಮ್ಮ ಬಾಗಿಲ ಮುಂದೆ ಓಣಿಯೇ ಇಳಿದಿತ್ತು. ನಮ್ಮ ಮುನಸೀಫರು ಆ ಗಿಡ್ಡ ಕೋಣೆಯಲ್ಲೇ ಮುದಿಯಾದವರು; ಬಯಲಿನಲ್ಲಿ ನಡೆಯುವಾಗಲೂ ತಲೆ ತಗ್ಗಿಸಿಯೇ ನಡೆಯುತ್ತಾರೆ. ಅವರು ಒಳಗೆ ಕೂತು ಕನ್ನಡಕ ಒರೆಸುತ್ತಿದ್ದರು. ಬಾಗಿಲಿನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಶೇಷಗಿರಿಯವರು, ಅವರ ಹಿಂದೆ ಚನ್ನಮಲ್ಲ. ಅವನ ಮುಖ ನಿದ್ದೆಗೆಟ್ಟು ಬೂದಿಯಾಗಿತ್ತು. ಗೆಲ್ಲುವವರ ಮುಖ ಹಾಗಿರುವುದಿಲ್ಲ. ಆದರೆ ಕೋರ್ಟಿನ ಅಂಗಳದಲ್ಲಿ ಯಾರ ಮುಖವೂ ನೆಟ್ಟಗಿರುವುದಿಲ್ಲ ಎಂದು ನಾನು ಲಕ್ಷ್ಯ ಕೊಡಲಿಲ್ಲ.

ಬಸಲಿಂಗವ್ವ ದಾವೆಯ ಕೊರಳು ತಬ್ಬಿಕೊಂಡು ಬಾಗಿಲಿಗೆ ತಂದಳು. “ತಗ್ಗು, ನನ್ನವ್ವ, ತಗ್ಗು,” ಎಂದು ಅದರ ನೆತ್ತಿ ಸವರುತ್ತಿದ್ದಳು. ಅದರ ತಲೆ ಒಳಗೆ ಹೋಯಿತು. ಭುಜ ಹೋಯಿತು. ಅವಳು ಮೊಣಕಾಲೂರಿ, ಅದೂ ಮೊಣಕಾಲೂರುವಂತೆ ಮಾಡಿದಳು. ಅಂಗುಲ ಅಂಗುಲವಾಗಿ ಇಬ್ಬರೂ ತೆವಳಿದರು. ಹೊರಗೆ ನಿಂತವರು ತಾವೇ ಬಾಗಿಲು ದಾಟುವವರ ಹಾಗೆ ಕುತ್ತಿಗೆ ಒಳಕ್ಕೆ ಎಳೆದುಕೊಂಡಿದ್ದರು. ಬೆನ್ನಿನ ಡುಬ್ಬ ಚೌಕಟ್ಟಿನ ಕೆಳಗೆ ಬಂದಾಗ ಒಂದು ಸಲ ಸರ್ ಎಂದಿತು. ಆಮೇಲೆ ದಾವೆ ಒಳಗಿತ್ತು.

ನಾನು ಹೋಗಿ ಬಗ್ಗಿ ನೋಡಿದೆ. ಡುಬ್ಬದ ತುದಿಯಲ್ಲಿ, ಉಗುರಿನಗಲ, ಬೆಳ್ಳಗೆ. ನನ್ನ ಅಂಗಿಯ ತೋಳು ಒಮ್ಮೆ ತಾಗಿದ್ದರೆ ಅಳಿಸಿಹೋಗುತ್ತಿತ್ತು. ಬಸಲಿಂಗವ್ವ ನೆಲದಿಂದಲೇ ನನ್ನ ಕಡೆ ನೋಡಿದಳು. ಎದುರುಮನೆಯವಳು, ಹಬ್ಬಕ್ಕೆ ಹೋಳಿಗೆ ಕಳಿಸುವವಳು. ನಾನು ತೋಳು ಮಡಚಿಕೊಂಡೆ.

“ಸುಣ್ಣ ಐತಿ,” ಎಂದೆ.

“ಅದ, ಅದ, ಚಲೋತ್ನಾಗೇ ಅದ!” ಶೇಷಗಿರಿಯವರು ಆಚೆ ದಂಡೆಗೆ ಕೇಳುವಂತೆ ಹೇಳಿದರು.

ಮುನಸೀಫರು ಕನ್ನಡಕ ಹಾಕಿಕೊಂಡರು. “ಏನವ್ವಾ, ಸೇತುವಿ ದಾಟ್ತೀಯೋ, ಮಾತು ಬಿಡ್ತೀಯೋ?”

ಮಾತು ಬಿಡುವುದೆಂದರೆ ಇದು. ದಾವೆಯನ್ನು ಬೆಳೆಸಿದ ಮಾತನ್ನು, ಯಾರ ಅಳಲು ಅದೋ ಅವರೇ ಅದರ ಕಿವಿಯಲ್ಲಿ ಮತ್ತೊಮ್ಮೆ, ಬೇರೆಯವರಿಗೆ ಕೇಳದ ಹಾಗೆ, ಪೂರ್ತಿ ಆಡಿ, ಬಿಟ್ಟೆ ಎನ್ನಬೇಕು. ದಾವೆ ಅಷ್ಟು ಕುಗ್ಗುತ್ತದೆ. ಆ ಮಾತು ಮಾತ್ರ ಬಿಟ್ಟವರ ಬಾಯಿಗೆ ಮತ್ತೆ ಬರುವುದಿಲ್ಲ, ಮನಸ್ಸಿಗೂ ಬರುವುದಿಲ್ಲ. ಅವರ ಎದುರಿಗೆ ನಿಂತು ಬೇರೆ ಯಾರು ಆಡಿದರೂ ಕಿವಿಯೊಳಗೆ ಇಳಿಯುವುದಿಲ್ಲ. ಒಬ್ಬ ಅಕ್ಕಸಾಲಿಗ ಹೀಗೆಯೇ ತನ್ನ ಅಜ್ಜನ ಕಾಲದ ದಾವೆಯನ್ನು ದೊಡ್ಡ ಕೋರ್ಟಿನಿಂದ ಹಿಂದಕ್ಕೆ ತಂದ. ಸೇತುವೆಯ ಉದ್ದಕ್ಕೂ ಒಂದೊಂದೇ ಮಾತು ಬಿಡುತ್ತ ಬಂದು, ನಮ್ಮ ಬಾಗಿಲಿಗೆ ಹಿಡಿಸುವಷ್ಟು ಕುಗ್ಗಿಸಿಕೊಂಡು, ಒಳಗೆ ನಿಂತು, “ನಾ ಯಾಕ ಬಂದೇನ್ರಿ ಇಲ್ಲಿಗೆ?” ಎಂದು ಕೇಳಿದ. ಉಳಿದದ್ದನ್ನು ಮುನಸೀಫರು ಪರೀಕ್ಷಿಸಿ ಒಂದು ತಾಮ್ರದ ಮುಚ್ಚಳ ಕೊಡಿಸಿದರು. ಜನ ನಕ್ಕರು. ಅವನು ಮಾತ್ರ ಮುಚ್ಚಳ ಬಗಲಲ್ಲಿಟ್ಟುಕೊಂಡು ಹೋಗಿ ಹೊಟ್ಟೆ ತುಂಬ ಉಂಡು ಮಲಗಿದನಂತೆ.

ಬಸಲಿಂಗವ್ವ ಎದ್ದು ನಿಂತಳು. “ಬಿಟ್ರ, ನನ್ನ ಗಂಡ ಸತ್ತದ್ದು ನನಗ ಗೊತ್ತಿರೂದಿಲ್ಲೇನ್ರಿ?”

“ಸತ್ತದ್ದು ಗೊತ್ತಿರತೈತಿ,” ಎಂದೆ. “ಅವನ ಮುಖ, ಅವನ ಮಾತು, ಎಲ್ಲ ಇರತೈತಿ. ನೀ ಬಿಟ್ಟದ್ದೊಂದ ಇರೂದಿಲ್ಲ.”

“ಅದನ್ನ ಬಿಟ್ಟ ಮ್ಯಾಲ, ಅದಕ್ಕ ಯಾರು ಜವಾಬು ಕೊಡತಾರ?”

ಆ ಪ್ರಶ್ನೆಗೆ ಉತ್ತರ ಆಚೆ ದಂಡೆಯಲ್ಲಿತ್ತು. ಅವಳೂ ಅತ್ತ ನೋಡಿದಳು. ಬಾಗಿಲಿನಿಂದ ದಾವೆಗಳ ಗುಡ್ಡಸಾಲು ಕಾಣುತ್ತಿತ್ತು, ಅದರ ಮೇಲೆ ಮೋಡ. ಅಲ್ಲಿಗೆ ಹೋದರೆ ಗಾಡಿಯ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಮಾತಿಗೆ ತಕ್ಕ ಶಿಕ್ಷೆ ಕೊಡುವ ಅಧಿಕಾರವೂ ಅವರಿಗಿದೆ. ಎಂದಾದರೂ ಒಂದು ದಿನ. ಇಲ್ಲಿಯಾದರೆ ಇವತ್ತೇ ಮಾಳಿಗೆ. ಅವಳು ತನ್ನ ನೀಲಿ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅವು ಬೇರೆ ಯಾರವೋ ಎಂಬಂತೆ.

ಆಮೇಲೆ ಗುಂಪಿನ ಕಡೆ ತಿರುಗಿದಳು. “ಅಕ್ಕಾ,” ಎಂದಳು.

ದಾನವ್ವ ಮುಂದೆ ಬಂದಳು. ಮುಖ ಎತ್ತಲಿಲ್ಲ.

“ನೀ ನೆನಪಿಟ್ಕೊ. ನಾ ಬಿಡಾಕತ್ತೇನಿ. ನೀ ಬಿಡಬ್ಯಾಡ.”

“ಬ್ಯಾಡ!” ಎಂಬ ಕೂಗು ಬಂತು. ದಾನವ್ವನದಲ್ಲ. ಚನ್ನಮಲ್ಲ ವಕೀಲರನ್ನು ಪಕ್ಕಕ್ಕೆ ತಳ್ಳಿ ಬಾಗಿಲಿಗೆ ಬಂದಿದ್ದ. “ಬಿಡಬ್ಯಾಡ್ರಿ, ವೈನಿ! ನಿಮ್ಮ ಕಾಲಿಗೆ ಬೀಳ್ತೀನಿ, ಬಿಡಬ್ಯಾಡ್ರಿ! ಸೇತುವಿ ದಾಟೂಣು. ನಾನ ನಿಮ್ಮ ಸಂಗಾಟ ಬರ್ತೀನಿ, ನಾನ ಹಗ್ಗಾ ಹಿಡೀತೀನಿ—”

“ನೋಡ್ರೋ, ಸೋಲು ಕಂಡಕೂಡ್ಲೆ ಕಾಲು ನೆನಪಾದ್ವು,” ಎಂದರು ಯಾರೋ. ಗುಂಪು ನಕ್ಕಿತು. ಶೇಷಗಿರಿಯವರು ಅವನ ರಟ್ಟೆ ಹಿಡಿದೆಳೆದು, “ಸುಮ್ಮನ ನಿಂದ್ರೋ ಮಾರಾಯಾ, ಕೇಸು ಕೆಡಸಬ್ಯಾಡ,” ಎಂದು ಗದರಿದರು.

ಬಸಲಿಂಗವ್ವ ಅವನನ್ನು ಒಂದು ಕ್ಷಣ ನೋಡಿದಳು. ಆ ನೋಟದಲ್ಲಿ ಒಂದು ವರ್ಷದ ಮಾತು ಇಡಿಯಾಗಿ ನಿಂತಿತ್ತು. ನಂತರ ದಾವೆಯ ಮೊರದಂಥ ಕಿವಿಯನ್ನು ಎತ್ತಿ, ಅದರೊಳಗೆ ಮುಖವಿಟ್ಟು, ಎರಡೂ ಕೈಯನ್ನು ಮರೆಯಾಗಿ ಅಡ್ಡ ಹಿಡಿದಳು. ಅವಳ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಚನ್ನಮಲ್ಲ ವಕೀಲರ ಹಿಡಿತದಲ್ಲೇ ಮುಂದಕ್ಕೆ ಬಾಗಿ, ಬಾಯಿ ತೆರೆದುಕೊಂಡು, ಒಂದು ಪದವಾದರೂ ಕೇಳೀತೇ ಎಂದು ಉಸಿರು ಹಿಡಿದಿದ್ದ. ಒಂದು ಪದವೂ ಕೇಳಲಿಲ್ಲ. ಕಡೆಗೆ ದಾವೆ ಗಾಳಿ ಬಿಟ್ಟ ತಿದಿಯ ಹಾಗೆ ಉಸ್ಸೆಂದು ಇಳಿಯಿತು.

ಬಸಲಿಂಗವ್ವ ಕಿವಿಯಿಂದ ಮುಖ ತೆಗೆದಳು. ಏನೋ ತರಲು ಅಡಿಗೆಮನೆಗೆ ಹೋಗಿ ಏನೆಂದು ಮರೆತವರು ನಿಲ್ಲುವ ಹಾಗೆ ಸ್ವಲ್ಪ ಹೊತ್ತು ನಿಂತಳು. ಕಣ್ಣು ಒದ್ದೆಯಾಗಿದ್ದುದು ಅವಳಿಗೇ ಆಶ್ಚರ್ಯವಾದಂತಿತ್ತು. ಸೆರಗಿನಿಂದ ಒರೆಸಿಕೊಂಡು ಸೆರಗನ್ನು ನೋಡಿದಳು. ಕೈಗಳು ಕಾಣಿಸಿದವು.

“ಮೆಟ್ಟಿಲಾ ಕೇಳಾಕ ಬಂದೇನ್ರಿ,” ಎಂದಳು.

ನಿಯಮದಂತೆ ದಾವೆಯನ್ನು ಹೊರಗೊಯ್ದು ಮತ್ತೆ ಒಳಗೆ ತರಿಸಿದೆವು. ಡುಬ್ಬದ ಮೇಲಿನ ಹಳೆಯ ಸುಣ್ಣವನ್ನು ನಾನೇ ಒರೆಸಿದೆ, ಈಗ ಅದು ನನ್ನ ಕೆಲಸವಾಗಿತ್ತು. ಈ ಸಲ ಏನೂ ಹತ್ತಲಿಲ್ಲ.

ಮುನಸೀಫರು ಚನ್ನಮಲ್ಲನನ್ನು ಕೇಳಿದರು, “ಹಲಗಿ ಯಾಕ ಹೊಡಿಸಿದಿ?”

“ವೈನಿ ಕೋರ್ಟಿಗೆ ಬರ್ಲಿ ಅಂತ್ರಿ.”

ಶೇಷಗಿರಿಯವರು ಹಣೆಗೆ ಕೈ ಹಚ್ಚಿಕೊಂಡರು. ಗುಂಪಿನಲ್ಲಿ ಮತ್ತೆ ನಗು. ಮುನಸೀಫರು ನಗಲಿಲ್ಲ, ಅವನನ್ನು ಕನ್ನಡಕದ ಮೇಲಿನಿಂದ ತುಸು ಹೆಚ್ಚು ಹೊತ್ತೇ ನೋಡಿದರು. ಆದರೆ ಅವರ ಮುಂದೆ ಇದ್ದದ್ದು ಮೆಟ್ಟಿಲು ಮಾತ್ರ. ಬಾಗಿಲಿನಿಂದ ಒಳಗೆ ಬಾರದ್ದನ್ನು ಕೇಳುವ ಅಧಿಕಾರ ಅವರಿಗಿಲ್ಲ.

“ಬಂದಾಳ,” ಎಂದರು. “ಹೊತ್ತು ಮುಳುಗೂದ್ರಾಗ ಹಲಗಿ ಕೀಳು. ಮೆಟ್ಟಿಲು ಇಬ್ಬರದೂ.”

ದಾವೆ ಮತ್ತೆ ಮರಿಯಷ್ಟೇ ಆಗಿ, ಕಿವಿ ಮಡಚಿಕೊಂಡು ಮಲಗಿತು. ತೀರ್ಪಾದ ದಾವೆ ಹಾಗೆಯೇ. ಜವಾನ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊಳೆಯ ಕಡೆ ಹೋದ.

ಹಲಗೆಯನ್ನು ಚನ್ನಮಲ್ಲನೇ ಕಿತ್ತ. ಬಡಿಗನಿಗೆ ಹೇಳಿಕಳಿಸಲಿಲ್ಲ, ಬರಿಗೈಯಲ್ಲೇ ಕಿತ್ತು ಕೈ ಹರಿದುಕೊಂಡ. ಮುಗ್ಗಿದ ನೂಲನ್ನು ಬಸಲಿಂಗವ್ವ ಮತ್ತೆ ತೊಳೆದು ಮತ್ತೆ ಗುಡಾಣಕ್ಕೆ ಇಳಿಸಿದಳು. ಮಳೆಗೆ ಮೊದಲಿನ ಆ ಕೆಲವು ದಿನ ನಮ್ಮ ಓಣಿಯಿಂದ ತಲೆ ಎತ್ತಿದರೆ ಮಾಳಿಗೆಯ ಅಂಚಿನಲ್ಲಿ ಹಸಿರು ಎಳೆಗಳು ಗಾಳಿಗೆ ನೀಲಿಯಾಗುವುದು ಕಾಣುತ್ತಿತ್ತು. ನೇಕಾರರು ಬಂದರು, ಒಯ್ದರು. ಬಸಲಿಂಗವ್ವನ ಮೈಗೆ ಅನ್ನ ಹತ್ತಿತು. ಮೈದುನನನ್ನು ಬಾಯ್ತುಂಬ ಮಾತಾಡಿಸುತ್ತಿದ್ದಳು, ಹಬ್ಬದ ಅಡಿಗೆ ಅವನ ಮನೆಗೂ ಹೋಯಿತು. ದಾನವ್ವ ಬಂದಾಗ ಮಾತ್ರ ಚನ್ನಮಲ್ಲ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದ. ದಾನವ್ವ ಆ ಕದದ ಮುಂದೆ ಒಂದು ಗಳಿಗೆ ನಿಂತು, ತಂಗಿಯ ಮನೆಗೆ ತಿರುಗುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಮೆಟ್ಟಿಲಿನ ಮೇಲೆ ಕೂತಿದ್ದ. ಬಸಲಿಂಗವ್ವ ಒದ್ದೆ ನೂಲಿನ ಬುಟ್ಟಿ ಹೊತ್ತು ಹತ್ತಲು ಬಂದಳು. ಅವನು ಏಳಲಿಲ್ಲ. ನನ್ನ ಜಗಲಿಯಿಂದ ಅವರಿಗೆ ಎಲೆ ಅಡಿಕೆಯ ದೂರ, ಕೇಳಿಸಿಕೊಳ್ಳಬಾರದೆಂದರೂ ಕೇಳುತ್ತದೆ.

“ವೈನಿ,” ಎಂದ. “ಅಣ್ಣನ ಮುಖಾ ನೋಡಿದಾಗ ನನಗ ಗೊತ್ತಾಗಿತ್ತು. ಸಾಯ್ತಾನ ಅಂತ ಗೊತ್ತಾಗೇ ನಾ ಗಾಡಿ ಹೊಡಕೊಂಡು ಹೋದೆ. ನೂಲು ಇಳಿಸೂದ್ರಾಗ ಸಂತಿ ತಪ್ಪತದ ಅಂತ ಹೋದೆ. ನೀವು ಮೂಕಿ ಹಿಡಕೊಂಡಿದ್ರಿ. ನಿಮ್ಮ ಕೈ ಬಿಡಿಸಿದಾಂವ ನಾನ. ಒಂದ ಸಲ ಬೈರಿ, ವೈನಿ. ಎಲ್ಲರ ಮುಂದೂ ಬೈರಿ.”

ಇಷ್ಟನ್ನೂ ಅವನು ಅವಳ ಮುಖ ನೋಡುತ್ತಲೇ ಹೇಳಿದ. ಬಸಲಿಂಗವ್ವ ಬುಟ್ಟಿಯನ್ನು ಸೊಂಟಕ್ಕೆ ಇಳಿಸಿಕೊಂಡು, ಬಗ್ಗಿ, ಅವನ ತುಟಿಗಳನ್ನು ಕಕ್ಕುಲಾತಿಯಿಂದ ಗಮನಿಸುತ್ತಿದ್ದಳು. ಅವು ನಿಂತ ಮೇಲೆ ಇನ್ನೂ ಸ್ವಲ್ಪ ಕಾದಳು.

“ಯಾಕೋ ಚನ್ನಮಲ್ಲ, ಹಲ್ಲ ನೋವೇನು?” ಎಂದಳು. “ಆಗಿಂದ ಬರೇ ಬಾಯಿ ಆಡಸಾಕತ್ತಿ. ದನೀನ ಇಲ್ಲ.”

ಅವಳು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಎಲೆಚೀಲದ ದಾರ ಸಡಿಲಿಸಿ, ಬೆರಳಿನಲ್ಲಿ ಹುಡುಕಿ ಒಂದು ಲವಂಗ ತೆಗೆದಳು.

“ಇಟ್ಕೊ. ಉರೀತೈತಿ ಒಂದಿಷ್ಟು, ಆಮ್ಯಾಲ ತಣ್ಣಗಾಗತೈತಿ.”

ಚನ್ನಮಲ್ಲ ಅದನ್ನು ಎರಡೂ ಕೈಯೊಡ್ಡಿ ಇಸಿದುಕೊಂಡ, ಗಟ್ಟಿ ಹಲ್ಲಿನ ಕೆಳಗೆ ಇಟ್ಟುಕೊಂಡು ಬಾಯಿ ಮುಚ್ಚಿದ. ಆಮೇಲೆ ಎದ್ದು, ಒದ್ದೆ ನೂಲಿನ ಬುಟ್ಟಿಯನ್ನು ತನ್ನ ತಲೆಗೆ ಏರಿಸಿಕೊಂಡು, ಅವಳ ಹಿಂದೆ ಮೆಟ್ಟಿಲು ಹತ್ತಿದ.